ಮಂಗಳವಾರ ಬೆಳಿಗ್ಗೆ ನಿಮ್ಮ ಹಾಲ್ ಖಾಲಿ ಇರುತ್ತದಲ್ಲ?

ಮುಂಬಯಿಯ ಎಲ್ಲ ಕನ್ನಡ ಸಂಘಗಳ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಕಮಿಟಿಯವರಿಗೆ,

ನಮಸ್ಕಾರ.

ಈ ಪತ್ರ ಹೇಳಿದ್ದು ನಾನು, ಟೈಪ್ ಮಾಡಿದ್ದು ಮೊಮ್ಮಗಳು. ಹೋದ ವರ್ಷ ಒಂದು ಸಂಘಕ್ಕೆ ಕೈಯಲ್ಲೇ ಅರ್ಜಿ ಬರೆದುಕೊಂಡು ಹೋಗಿದ್ದೆ. ಕಾರ್ಯದರ್ಶಿಯವರು ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಮೊದಲ ಸಾಲು ಓದಿದರು. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಅಕ್ಷರಗಳೆಲ್ಲ ಸಣ್ಣಗಾಗುತ್ತಾ ಹೋಗಿ ಇರುವೆ ಸಾಲಿನ ಹಾಗಿದ್ದವು. ಅವರದೇನೂ ತಪ್ಪಿಲ್ಲ. ಬ್ಯಾಂಕಿನವರೂ ನನ್ನ ಸಹಿ ಒಪ್ಪುವುದಿಲ್ಲ ಈಗ. ಮೊಬೈಲಿಗೆ ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಅಂದರು. ನನ್ನ ದನಿ ಅದಕ್ಕೂ ಕೇಳಿಸಲಿಲ್ಲ.

ನನಗೆ ಪಾರ್ಕಿನ್ಸನ್ ಕಾಯಿಲೆ. ನಮ್ಮ ಕಡೆ ಕಂಪವಾತ ಅನ್ನುತ್ತಾರೆ. ಗೊತ್ತಾಗಿದ್ದು 2018ರಲ್ಲಿ. ಅದಕ್ಕೂ ಮುಂಚೆ ಬಂದಿತ್ತು ಅಂತ ಈಗ ಅನಿಸುತ್ತದೆ. ನಲವತ್ತು ವರ್ಷಕ್ಕೂ ಜಾಸ್ತಿ ಉಡುಪಿ ಹೋಟೆಲುಗಳಲ್ಲಿ ದುಡಿದವನು ನಾನು. ಟೇಬಲ್ ಒರೆಸುವ ಹುಡುಗನಾಗಿ ಸೇರಿ ಗಲ್ಲಾದವರೆಗೆ ಬಂದೆ. ಸಾಂಬಾರು ಕುದಿಯುವ ವಾಸನೆಯಲ್ಲೇ ಉಪ್ಪು ಸಾಲದು ಅಂತ ಹೇಳುತ್ತಿದ್ದವನಿಗೆ ಒಂದು ದಿನ ಒಗ್ಗರಣೆ ಸೀದದ್ದೇ ತಿಳಿಯಲಿಲ್ಲ. ಶೀತ ಇರಬೇಕು ಅಂದುಕೊಂಡೆ. ಎಷ್ಟೋ ಜನರಿಗೆ ನಡುಕಕ್ಕಿಂತ ವರ್ಷಗಳ ಮುಂಚೆಯೇ ಮೂಗು ಹೋಗಿರುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ನಡುಕ ಶುರುವಾಗಿದ್ದು ಬಲಗೈಯ ಹೆಬ್ಬೆರಳಲ್ಲಿ. ಹೆಬ್ಬೆರಳು ತೋರುಬೆರಳಿನ ಮೇಲೆ ಸುಮ್ನೆ ಉಜ್ಜುತ್ತಿತ್ತು. ಹೋಟೆಲಿನ ಹುಡುಗರು ನಗುತ್ತಿದ್ದರು: "ಏನಣ್ಣಾ, ಗಿರಾಕಿ ಇಲ್ಲದಿದ್ದರೂ ನೋಟು ಎಣಿಸ್ತಾ ಇದ್ದೀರಲ್ಲ?"

ಇಷ್ಟು ಹೇಳಿದ್ದು ಪರಿಚಯಕ್ಕೆ. ನನ್ನ ಕಷ್ಟ ಹೇಳಿಕೊಳ್ಳಲು ಬರೆಯುತ್ತಿಲ್ಲ. ನನಗೆ ಬೇಕಾಗಿರುವುದು ನಿಮ್ಮ ಹಾಲ್. ವಾರಕ್ಕೆ ಒಂದು ದಿನ, ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡೂಕಾಲು. ಪಾರ್ಕಿನ್ಸನ್ ಇರುವ ಕನ್ನಡದವರು ಅಲ್ಲಿ ಬಂದು ಕುಣಿಯಬೇಕು.

ಹೌದು, ಕುಣಿಯಬೇಕು. ನಗು ಬಂದರೆ ನಕ್ಕುಬಿಡಿ. ನನಗೂ ಬಂದಿತ್ತು. ನನ್ನ ಹೆಂಡತಿ ದಾದರ್ ಹತ್ತಿರ ಇಂಥದ್ದೊಂದು ಕ್ಲಾಸ್ ಇದೆ ಅಂದಾಗ, "ನಡೆಯೋಕೇ ಬಾರದವನು ಕುಣಿಯೋದು ಹೇಗೆ ಮಾರಾಯ್ತಿ?" ಅಂತ ಕೇಳಿದ್ದೆ. ಆಮೇಲೆ ಗೊತ್ತಾಯಿತು, ನಡೆಯಲು ಬಾರದೆ ಇರುವುದಕ್ಕೇ ಕುಣಿಯಬೇಕು ಅಂತ.

ಅದು ಹೇಗೆ ಅಂತ ನನಗೆ ಅರ್ಥವಾದಷ್ಟು ಹೇಳುತ್ತೇನೆ. ನೀವು ನಡೆಯುವಾಗ ಕಾಲಿನ ಬಗ್ಗೆ ಯೋಚಿಸುವುದಿಲ್ಲ. ಅದರ ಪಾಡಿಗೆ ಅದು ಹೋಗುತ್ತದೆ. ಮೆದುಳಿನ ಒಳಗೆ, ನಡುಭಾಗದಲ್ಲಿ ಡೋಪಮೈನ್ ಅನ್ನುವ ರಾಸಾಯನಿಕ ತಯಾರಿಸುವ ಜೀವಕೋಶಗಳಿವೆ. ನಮ್ಮಲ್ಲಿ ಅವು ಒಂದೊಂದೇ ಸಾಯುತ್ತಾ ಬರುತ್ತವೆ. ಆಗ ತನ್ನಷ್ಟಕ್ಕೆ ಆಗಬೇಕಾದ ಕೆಲಸ ತನ್ನಷ್ಟಕ್ಕೆ ಆಗುವುದಿಲ್ಲ. ಹೆಜ್ಜೆ ಸಣ್ಣದಾಗುತ್ತದೆ. ಕೈ ಬೀಸುವುದು ನಿಲ್ಲುತ್ತದೆ. ಬಾಗಿಲಿನ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಆದರೆ ಹೊರಗಿನಿಂದ ಒಂದು ತಾಳ ಕೇಳಿಸಿದರೆ, ಅಥವಾ ನೆಲದ ಮೇಲೆ ದಾಟಲು ಒಂದು ಗೆರೆ ಕಂಡರೆ, ಅದೇ ಕಾಲು ಏಳುತ್ತದೆ. ಮುಚ್ಚಿದ ರಸ್ತೆ ಬಿಟ್ಟು ಪಕ್ಕದ ಗಲ್ಲಿಯಿಂದ ನುಗ್ಗಿದ ಹಾಗೆ.

ಡೊಂಬಿವಲಿ ಸ್ಟೇಷನ್ನಿನಲ್ಲಿ ನನಗೆ ಇದು ದಿನಾ ಅನುಭವ. ಲೋಕಲ್ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಅಂಗವಿಕಲರ ಡಬ್ಬಿಯ ಮುಂದೆ ನಿಂತಿದ್ದೇನೆ, ಗಾಡಿ ಬಂದಿದೆ, ಕಾಲು ಬರುತ್ತಿಲ್ಲ. ಹಿಂದಿನವರು "ಚಲೋ ಅಂಕಲ್, ಚಲೋ" ಅನ್ನುತ್ತಾರೆ. ಅವಸರ ಮಾಡಿದಷ್ಟೂ ಕಾಲು ಇನ್ನೂ ಗಟ್ಟಿಯಾಗುತ್ತದೆ. ನನ್ನ ಹೆಂಡತಿ ಏನೂ ಮಾತಾಡದೆ ತನ್ನ ಕಾಲನ್ನು ನನ್ನ ಕಾಲಿನ ಮುಂದೆ ಅಡ್ಡ ಇಡುತ್ತಾಳೆ. ಅದನ್ನು ದಾಟಲು ನನ್ನ ಕಾಲು ಏಳುತ್ತದೆ. ಆ ಒಂದು ಹೆಜ್ಜೆ ಬಂದರೆ ಉಳಿದದ್ದು ಬಂತು. ನೋಡಿದವರು, ಈ ಹೆಂಗಸು ಗಂಡನನ್ನು ಬೀಳಿಸಲು ನೋಡುತ್ತಿದ್ದಾಳೆ ಅಂತಲೇ ತಿಳಿಯುತ್ತಾರೆ.

ಈ ಬಗೆಯ ಡಾನ್ಸ್ ಕ್ಲಾಸ್ ನಾವು ಕಂಡುಹಿಡಿದದ್ದೇನಲ್ಲ. 2001ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ಡಾನ್ಸ್ ಗ್ರೂಪ್ ಅಲ್ಲಿನ ಪಾರ್ಕಿನ್ಸನ್ ಬಳಗದ ಜೊತೆ ಸೇರಿ ಶುರು ಮಾಡಿತು. ಈಗ ಇಪ್ಪತ್ತೈದಕ್ಕೂ ಜಾಸ್ತಿ ದೇಶಗಳಲ್ಲಿ ಆ ಮಾದರಿಯ ಕ್ಲಾಸುಗಳಿವೆ. ಪಕ್ಕದ ಪುಣೆಯಲ್ಲೇ ಹೃಷಿಕೇಶ್ ಪವಾರ್ ಅನ್ನುವ ನೃತ್ಯಗಾರರು ಎಷ್ಟೋ ವರ್ಷದಿಂದ ಪಾರ್ಕಿನ್ಸನ್ ಇರುವವರಿಗೆ ಕುಣಿತ ಕಲಿಸುತ್ತಾ ಬಂದಿದ್ದಾರೆ. ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದವರು ವಾರಕ್ಕೊಮ್ಮೆ ಕುಣಿಯುವ 16 ಜನರನ್ನು ಮೂರು ವರ್ಷ ಗಮನಿಸಿ 2021ರಲ್ಲಿ ವರದಿ ಮಾಡಿದರು. ಕುಣಿಯದವರಿಗೆ ಹೋಲಿಸಿದರೆ ಅವರ ಚಲನೆಯ ತೊಂದರೆ ಬೇಗ ಹೆಚ್ಚಲಿಲ್ಲ ಅಂತ. 16 ಜನ ಅಂದರೆ ಕಡಿಮೆಯೇ, ಅದರ ಮೇಲೆ ದೊಡ್ಡ ಮಾತು ಆಡಬಾರದು. ಕುಣಿದರೆ ಕಾಯಿಲೆ ವಾಸಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಮಾತ್ರೆ ಮಾತ್ರೆಯೇ. ನಾನು ದಿನಕ್ಕೆ ಐದು ಸಲ ನುಂಗುತ್ತೇನೆ.

"ಹಾಗಾದರೆ ದಾದರಿನ ಕ್ಲಾಸ್ ಇದೆಯಲ್ಲ, ಅಲ್ಲಿಗೇ ಹೋಗಿ" ಅಂತ ನೀವು ಹೇಳಬಹುದು. ನಾನು ಅರ್ಜಿ ಕೊಟ್ಟ ಸಂಘದವರೂ ಹಾಗೇ ಹೇಳಿದರು. ಹೋಗುತ್ತಿದ್ದೇನೆ, ಸ್ವಾಮಿ. ತುಂಬಾ ಒಳ್ಳೆಯ ಕ್ಲಾಸ್. ಟೀಚರ್ ಮೂವತ್ತು ವರ್ಷದ ಹುಡುಗಿ, ಭರತನಾಟ್ಯ ಕಲಿತವಳು, ನಮ್ಮನ್ನು ರೋಗಿಗಳ ಹಾಗೆ ನೋಡುವುದೇ ಇಲ್ಲ. ತಪ್ಪಿದರೆ ಬೈಯುತ್ತಾಳೆ ಕೂಡ. ಆದರೆ ಅಲ್ಲಿ ಒಂದು ದಿನ ನಡೆದದ್ದನ್ನು ಹೇಳಬೇಕು. ಈ ಪತ್ರ ಹುಟ್ಟಿದ್ದೇ ಅಲ್ಲಿಂದ.

ನಮ್ಮ ಜೊತೆ ಕುಂದಾಪುರ ಕಡೆಯ ಒಬ್ಬ ಅಕ್ಕ ಬರುತ್ತಾರೆ. ಎಪ್ಪತ್ತು ದಾಟಿದೆ. ಮದುವೆಯಾಗಿ ಮುಂಬಯಿಗೆ ಬಂದು ಐವತ್ತು ವರ್ಷ. ಹಿಂದಿ ಬರುತ್ತದೆ, ಮರಾಠಿಯಲ್ಲಿ ಮೀನಿನವಳ ಹತ್ತಿರ ಜಗಳ ಆಡುವಷ್ಟು ಬರುತ್ತದೆ. ಆದರೂ ಕ್ಲಾಸಿನಲ್ಲಿ ಟೀಚರ್ ಮರಾಠಿಯಲ್ಲಿ "ಉಜವಾ ಪಾಯ್, ಡಾವಾ ಹಾತ್" (ಬಲಗಾಲು, ಎಡಗೈ) ಅಂದರೆ ಅಕ್ಕ ತಬ್ಬಿಬ್ಬಾಗುತ್ತಿದ್ದರು. ಉಜವಾ ಅಂದರೆ ಬಲವೋ ಎಡವೋ ಅಂತ ಮನಸ್ಸಿನಲ್ಲೇ ಕನ್ನಡ ಮಾಡಿಕೊಳ್ಳುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಇದು ಭಾಷಾಭಿಮಾನದ ಮಾತಲ್ಲ. ನಮಗೆ ಒಟ್ಟಿಗೆ ಎರಡು ಕೆಲಸ ಮಾಡುವುದೇ ದೊಡ್ಡ ಕಷ್ಟ. ನಡೆಯುತ್ತಾ ಮಾತಾಡಿದರೆ ಹೆಜ್ಜೆ ತಪ್ಪುತ್ತದೆ. ಕುಣಿಯುತ್ತಾ ಭಾಷಾಂತರ ಮಾಡುವುದು ಅದಕ್ಕಿಂತ ಕಷ್ಟ.

ಆ ದಿನ ಕೈ ಮೇಲೆತ್ತುವ ಪಾಠ. ಕುರ್ಚಿಯಲ್ಲಿ ಕೂತೇ ಮಾಡಬೇಕು. ಟೀಚರ್ ಎಷ್ಟು ಹೇಳಿದರೂ ಅಕ್ಕನ ಕೈ ಮೊಣಕೈ ಮಟ್ಟಕ್ಕೇ ನಿಲ್ಲುತ್ತಿತ್ತು. ನಮಗೆಲ್ಲ ಹಾಗೆಯೇ. ಪೂರ್ತಿ ಎತ್ತಿದ್ದೇವೆ ಅಂತ ನಮಗೆ ಅನಿಸುತ್ತದೆ, ಕನ್ನಡಿಯಲ್ಲಿ ನೋಡಿದರೆ ಅರ್ಧವೂ ಎದ್ದಿರುವುದಿಲ್ಲ. ನಾನು ಪಕ್ಕದಲ್ಲಿದ್ದೆ. "ಅಕ್ಕಾ, ಬಾವಿಯಿಂದ ನೀರು ಸೇದಿ" ಅಂದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಎರಡೂ ಕೈ ಮೇಲೆ ಹೋಯಿತು, ಹಗ್ಗ ಹಿಡಿಯಿತು, ಎಳೆಯಿತು. ಒಂದು ಕೈ ಬಿಟ್ಟು ಇನ್ನೊಂದು ಕೈ. ಕೊಡ ಮೇಲೆ ಬರುವವರೆಗೂ ಎಳೆದರು. ಕೊನೆಗೆ ಬಗ್ಗಿ ಕೊಡವನ್ನು ಕಟ್ಟೆಯ ಮೇಲೆ ಇಟ್ಟೂಬಿಟ್ಟರು. ಟೀಚರ್ ಹಾಡು ನಿಲ್ಲಿಸಿ ಬಂದಳು. "ಅಂಕಲ್, ಕ್ಯಾ ಬೋಲಾ ಆಪ್ನೇ?" ನಾನು ಹಿಂದಿಯಲ್ಲಿ ಹೇಳಿದೆ. ಅವಳು ಅದನ್ನೇ ಎಲ್ಲರಿಂದ ಮಾಡಿಸಿದಳು. ಬಾಂದ್ರಾದ ಒಬ್ಬ ಪಾರ್ಸಿ ಮುದುಕರು ಹುಟ್ಟಿದ ಮೇಲೆ ಬಾವಿಯನ್ನೇ ಸೇದಿದವರಲ್ಲ, ಅವರ ಕೈ ಮೇಲೆ ಹೋಗಲಿಲ್ಲ. ಅವರಿಗೆ ಟೀಚರ್ ಪಿಯಾನೋ ನುಡಿಸಿ ಅಂದಳು.

ಆಮೇಲೆ ನನ್ನ ಸರದಿ. ನನಗೆ ದೋಸೆ ಸಾಕು. ಸೌಟಿನಲ್ಲಿ ಹಿಟ್ಟು ಹುಯ್ದು ನಡುವಿನಿಂದ ಸುತ್ತುತ್ತಾ ಅಂಚಿಗೆ ಬರುವುದು. ಮಣಿಕಟ್ಟು, ಮೊಣಕೈ, ಭುಜ ಎಲ್ಲ ತಿರುಗುತ್ತದೆ. ಪೇಪರ್ ದೋಸೆ ಅಂದುಕೊಂಡರೆ ವೃತ್ತ ಇನ್ನೂ ದೊಡ್ಡದು. ಫಿಜಿಯೋಥೆರಪಿಯವರು "ಕೈ ಗುಂಡಗೆ ತಿರುಗಿಸಿ, ಹತ್ತು ಸಲ" ಅಂದಾಗ ಮೂರಕ್ಕೇ ಬೇಸರ ಬರುತ್ತಿತ್ತು. ದೋಸೆ ಮಾತ್ರ ಇಪ್ಪತ್ತು ಹುಯ್ಯುತ್ತೇನೆ.

ಇನ್ನೊಂದು ಸಂಗತಿ. ನಾನು ಹುಡುಗನಾಗಿದ್ದಾಗ ಹಗಲು ಹೋಟೆಲು, ರಾತ್ರಿ ಫೋರ್ಟಿನ ಕನ್ನಡ ಶಾಲೆ. ಹೋಟೆಲ್ ಹುಡುಗರಿಗಾಗಿಯೇ ನಡೆಯುತ್ತಿದ್ದ ಇಂಥ ರಾತ್ರಿ ಶಾಲೆಗಳು ಎಷ್ಟಿದ್ದವು ಅಂತ ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಅಲ್ಲೇ ಯಕ್ಷಗಾನದ ಹೆಜ್ಜೆಯನ್ನೂ ಕಲಿತೆ. ಕೋಡಂಗಿ ವೇಷದಿಂದ ಮೇಲೆ ಹೋಗಲಿಲ್ಲ, ಆ ಮಾತು ಬೇರೆ. ಐವತ್ತು ವರ್ಷ ಆದ ಮೇಲೆ ಒಂದು ದಿನ ಟೀಚರ್, "ನಿಮ್ಮ ನಿಮ್ಮ ಊರಿನ ತಾಳ ತನ್ನಿ" ಅಂದಳು. ಮೊಬೈಲಿನಲ್ಲಿ ತಿತ್ತಿತ್ತೈ ತಾಳದ ಮದ್ದಳೆ ಹಾಕಿದೆ. ಕಾಲಿಗೆ ನಾನೇನೂ ಹೇಳಲಿಲ್ಲ. ಅದು ಹೋಯಿತು. ಬಾಗಿಲಲ್ಲಿ ಅಂಟಿಕೊಳ್ಳುವ ಕಾಲು ಅದೇನಾ ಅಂತ ನನಗೇ ಅನುಮಾನ ಬಂತು. ಮದ್ದಳೆ ನಿಂತ ಕೂಡಲೇ ಕಾಲೂ ನಿಂತಿತು. ಹೆಂಡತಿ ಕುರ್ಚಿ ಎಳೆದು ಕೊಟ್ಟಳು, ಕೂತೆ.

ಆವತ್ತೇ ಅನಿಸಿದ್ದು: ನಮ್ಮವರಿಗೆ ನಮ್ಮ ತಾಳ, ನಮ್ಮ ಮಾತು ಇರುವ ಒಂದು ಕ್ಲಾಸ್ ಬೇಕು. ಮನೆ ಹತ್ತಿರ ಬೇಕು. ಡೊಂಬಿವಲಿಯಿಂದ ದಾದರಿಗೆ ಬಂದು ಹೋಗುವಷ್ಟರಲ್ಲಿ ಮಾತ್ರೆಯ ಬಲ ಮುಗಿದಿರುತ್ತದೆ.

ಈಗ ಆ ಸಂಘದ ವಿಷಯ. ಹೆಸರು ಹೇಳುವುದಿಲ್ಲ. ನಾನು ಅಲ್ಲಿ ಆಜೀವ ಸದಸ್ಯ, ನನ್ನ ಮಗಳ ಮದುವೆ ಆಗಿದ್ದೂ ಅಲ್ಲೇ. ಕಮಿಟಿಯವರು ಚಹಾ ಕೊಟ್ಟರು, ಚೆನ್ನಾಗಿ ಮಾತಾಡಿಸಿದರು. ಆಮೇಲೆ ಒಬ್ಬರು, "ಬಿದ್ದು ಗಿದ್ದು ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಅಂದರು. ಇನ್ನೊಬ್ಬರು, "ಏಪ್ರಿಲ್ 11ಕ್ಕೆ ವಿಶ್ವ ಪಾರ್ಕಿನ್ಸನ್ ದಿನ ಅಂತಲ್ವಾ, ಅವತ್ತು ಒಂದು ಕಾರ್ಯಕ್ರಮ ಇಡೋಣ, ನಿಮಗೆ ಸನ್ಮಾನ ಮಾಡೋಣ" ಅಂದರು. ನನ್ನ ಮುಖದಲ್ಲಿ ಏನೂ ಕಾಣಿಸಲಿಲ್ಲ. ಈ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿಯಾಗುತ್ತದೆ, ನಗು ಒಳಗೇ ಉಳಿಯುತ್ತದೆ. ರಾಯರಿಗೆ ಸಿಟ್ಟು ಬಂತು ಅಂದುಕೊಂಡರು. ನಿಜ ಹೇಳಬೇಕೆಂದರೆ ಸಿಟ್ಟೂ ಬಂದಿತ್ತು.

ಏಪ್ರಿಲ್ 11 ಜೇಮ್ಸ್ ಪಾರ್ಕಿನ್ಸನ್ ಅನ್ನುವ ಲಂಡನ್ ಡಾಕ್ಟರರ ಹುಟ್ಟಿದ ದಿನ. 1817ರಲ್ಲಿ ಈ ಕಾಯಿಲೆಯ ಬಗ್ಗೆ ಬರೆದವರು ಅವರು. ಅವರ ಹೆಸರಿನಲ್ಲಿ ಒಂದು ದಿನ ಶಾಲು, ಹಾರ, ಫಲತಾಂಬೂಲ, ನಾಲ್ಕು ಭಾಷಣ. ನನ್ನ ಮಟ್ಟಿಗೆ ಅದು ಬೇಡವೇ ಬೇಡ. ಭಾಷಣ ಮುಗಿಯುವವರೆಗೆ ಕೂತರೆ ಆಮೇಲೆ ಏಳಲು ಇಬ್ಬರು ಬೇಕು ನನಗೆ. ಆ ಶಾಲಿನ ದುಡ್ಡಿನಲ್ಲಿ ಕೈಯಿಲ್ಲದ ನಾಲ್ಕು ಗಟ್ಟಿ ಕುರ್ಚಿ ತನ್ನಿ.

ಬೀಳುವ ಮಾತು ಮಾತ್ರ ಸರಿ. ಅದನ್ನು ನಾನು ತಳ್ಳಿಹಾಕುವುದಿಲ್ಲ. ನಾವು ಬೀಳುತ್ತೇವೆ. ನಾನು ಮನೆಯಲ್ಲಿ ಎರಡು ಸಲ ಬಿದ್ದಿದ್ದೇನೆ, ಎರಡೂ ಸಲ ಬಚ್ಚಲಿನಲ್ಲಿ. ಅದಕ್ಕೇ ಅರ್ಧಕ್ಕಿಂತ ಜಾಸ್ತಿ ಕ್ಲಾಸ್ ಕೂತೇ ನಡೆಯುತ್ತದೆ. ನಿಂತಾಗ ಪ್ರತಿಯೊಬ್ಬರ ಹಿಂದೆ ಕುರ್ಚಿ ಇರುತ್ತದೆ, ಪಕ್ಕದಲ್ಲಿ ಮನೆಯವರು ಇರುತ್ತಾರೆ. ಪದೇ ಪದೇ ಬೀಳುವವರು ಕೂತೇ ಕುಣಿಯುತ್ತಾರೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯುವ ಹಾಗಿಲ್ಲ, ದೊಡ್ಡ ಸುತ್ತು ಹಾಕಿಯೇ ತಿರುಗಬೇಕು. ತಮ್ಮ ಡಾಕ್ಟರನ್ನು ಕೇಳಿಕೊಂಡೇ ಎಲ್ಲರೂ ಸೇರುತ್ತಾರೆ. ಬೇಕಾದರೆ ಬರೆದು ಕೊಡುತ್ತೇವೆ. ಓದಲು ಬರುವ ಹಾಗೆ ಟೈಪ್ ಮಾಡಿಯೇ ಕೊಡುತ್ತೇವೆ.

ಹಾಲ್ ಬಗ್ಗೆ ನಮ್ಮ ಬೇಡಿಕೆ ಜಾಸ್ತಿ ಇಲ್ಲ. ನೆಲಮಹಡಿಯಲ್ಲಿ ಇರಬೇಕು, ಇಲ್ಲವೇ ಲಿಫ್ಟ್ ಬೇಕು. ನೆಲಕ್ಕೆ ಆವತ್ತು ಬೆಳಿಗ್ಗೆ ಪಾಲಿಶ್ ಹಾಕಿರಬಾರದು. ಜಮಖಾನ ಬೇಡ, ಅದರ ಮಡಿಕೆಯೇ ನಮಗೆ ಯಮ. ಬಾಗಿಲಲ್ಲಿ ಮ್ಯಾಟ್ ಬೇಡ. ಬಾತ್‌ರೂಮಿನಲ್ಲಿ ಹಿಡಿದುಕೊಳ್ಳಲು ಗೋಡೆಗೊಂದು ಹಿಡಿಕೆ ಇದ್ದರೆ ಸಾಕು. ಇದು ಉಪಕಾರ ಅಂತಲೂ ತಿಳಿಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಹೆಸರೂ ಇದೆ.

ಹನ್ನೊಂದು ಗಂಟೆಯೇ ಯಾಕೆ ಅಂತ ಕೇಳುತ್ತೀರಿ. ಹತ್ತಕ್ಕೆ ಮಾತ್ರೆ ತೆಗೆದುಕೊಂಡರೆ ಹನ್ನೊಂದಕ್ಕೆ ಮೈ ಸಡಿಲವಾಗುತ್ತದೆ. ಮಧ್ಯಾಹ್ನ ಒಂದು ಗಂಟೆ ದಾಟಿದರೆ ಮತ್ತೆ ಬಿಗಿ. ಸಂಜೆ ಆರರ ಹೊತ್ತು ನಿಮಗೆ ಅನುಕೂಲ ಇರಬಹುದು, ನಮ್ಮ ಮೈಗೆ ಇಲ್ಲ. ಇನ್ನು ತಿಂಡಿ. ನಮ್ಮ ಸಂಘಗಳಲ್ಲಿ ತಿಂಡಿ ಇಲ್ಲದೆ ಸಭೆ ಇಲ್ಲ, ಗೊತ್ತು. ಆದರೆ ಉದ್ದಿನ ವಡೆಯಂಥ ಪ್ರೋಟೀನ್ ಜಾಸ್ತಿ ಇರುವ ತಿಂಡಿ ಮಾತ್ರೆಯ ಜೊತೆಗೇ ಹೊಟ್ಟೆಗೆ ಹೋದರೆ ಮಾತ್ರೆಗೆ ದಾರಿ ಸಿಗುವುದಿಲ್ಲ. ಕ್ಲಾಸ್ ಮುಗಿದ ಮೇಲೆ ಕೊಡಿ, ಬೇಡ ಅನ್ನುವುದಿಲ್ಲ. ಹೋಟೆಲಿನವನು ವಡೆಗೆ ಬೇಡ ಅಂದರೆ ಪಾಪ ಬರುತ್ತದೆ. ಚಹಾ ಅರ್ಧ ಗ್ಲಾಸು ಸಾಕು, ತುಂಬಿದ ಗ್ಲಾಸು ಕೈ ನಡುಗಿ ಚೆಲ್ಲುತ್ತದೆ. ಮುಂಬಯಿಯ ಕಟಿಂಗ್, ಅಂದರೆ ಅರ್ಧ ಗ್ಲಾಸಿನ ಚಹಾ, ನಮಗೋಸ್ಕರವೇ ಹುಟ್ಟಿದ್ದು ಅಂತ ನಾವು ತಮಾಷೆ ಮಾಡುತ್ತೇವೆ.

ಹಣದ ವಿಷಯ ಬೇಗ ಮುಗಿಸುತ್ತೇನೆ. ಟೀಚರಿಗೆ ನಾವು ಸೇರಿ ಕೊಡುತ್ತೇವೆ. ಲೈಟ್ ಬಿಲ್ಲೂ ಕೊಡುತ್ತೇವೆ. ಮದುವೆ ಸೀಸನ್ನಿನಲ್ಲಿ ಬುಕಿಂಗ್ ಬಂದರೆ ಆ ವಾರ ಬಿಟ್ಟುಬಿಡುತ್ತೇವೆ.

ಟೀಚರ್ ಎಲ್ಲಿಂದ ಬರುತ್ತಾರೆ ಅಂದರೆ, ನಿಮ್ಮಲ್ಲೇ ಇದ್ದಾರೆ. ಭಾನುವಾರ ನಿಮ್ಮದೇ ಹಾಲಿನಲ್ಲಿ ಮಕ್ಕಳಿಗೆ ಭರತನಾಟ್ಯ ಕಲಿಸುವ ಹುಡುಗಿಯರಿಗೆ ಕನ್ನಡ ಬರುತ್ತದೆ, ಇಲ್ಲವೇ ತುಳು ಬರುತ್ತದೆ. ಅವರಿಗೆ ಬೇಕಾಗಿರುವುದು ಈ ಕಾಯಿಲೆಯ ತಿಳಿವಳಿಕೆ. ಮುಂಬಯಿಯಲ್ಲೇ 2001ರಿಂದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಇದೆ, ನಮ್ಮಂಥವರ ಬಳಗಗಳನ್ನು ಅಲ್ಲಲ್ಲಿ ನಡೆಸುತ್ತದೆ. ಅವರನ್ನು ಕೇಳಬಹುದು. ಬ್ರೂಕ್ಲಿನ್‌ನವರೂ ಡಾನ್ಸ್ ಟೀಚರುಗಳಿಗೆ ತರಬೇತಿ ಕೊಡುತ್ತಾರೆ. ಮದ್ದಳೆ ಬಾರಿಸುವವರಂತೂ ಈ ಊರಿನಲ್ಲಿ ಕಡಿಮೆ ಇಲ್ಲ. ತಿಂಗಳಿಗೊಂದು ಮಂಗಳವಾರ ಯಾರಾದರೂ ಬಂದು ಕೂತರೆ ಮೊಬೈಲ್ ಬದಿಗಿಡುತ್ತೇವೆ.

ನಿಮ್ಮ ಸಂಘಗಳು ಸಣ್ಣವೇನಲ್ಲ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರದ್ದು. ಅಂಥ ಹಿರಿಯ ಸಂಘಗಳಿಂದ ಹಿಡಿದು ನಮ್ಮ ಉಪನಗರಗಳ ಸಣ್ಣ ಸಂಘಗಳವರೆಗೆ, ಊರು ಬಿಟ್ಟು ಬಂದ ಹುಡುಗರಿಗೆ ಶಾಲೆ, ನಾಟಕ, ಆಟ, ಊಟ ಎಲ್ಲ ಕೊಟ್ಟವು. ಆ ಹುಡುಗರೇ ಈಗ ನಡುಗುವ ಮುದುಕರಾಗಿದ್ದಾರೆ. ಕೆಲವರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದಾರೆ. ಮದುವೆಗೆ ಹೋದರೆ ಎಲೆಯಲ್ಲಿ ಸಾರು ಚೆಲ್ಲುತ್ತದೆ, ಕುಡಿದಿದ್ದಾನೆ ಅಂತ ಯಾರಾದರೂ ಅಂದಾರು ಅಂತ ನಾಚಿಕೆ. ನಿಮ್ಮ ಸದಸ್ಯರ ಪಟ್ಟಿ ತೆಗೆದು ನೋಡಿ. ನಾಲ್ಕೈದು ವರ್ಷದಿಂದ ವಾರ್ಷಿಕ ಸಭೆಗೆ ಬಾರದವರಿಗೆ ಒಂದೊಂದು ಫೋನ್ ಮಾಡಿ. ಎಲ್ಲರಿಗೂ ಇದೇ ಕಾಯಿಲೆ ಅಂತಲ್ಲ. ಆದರೆ ನಾಲ್ಕು ಜನ ಸಿಕ್ಕರೂ ಕ್ಲಾಸ್ ಶುರು ಮಾಡಬಹುದು. ನಾಲ್ಕು ಜನರ ಜೊತೆ ನಾಲ್ಕು ಮನೆಯವರೂ ಬರುತ್ತಾರೆ, ಅವರೂ ಕುಣಿಯುತ್ತಾರೆ. ನನ್ನ ಹೆಂಡತಿ ನನಗಿಂತ ಚೆನ್ನಾಗಿ ದೋಸೆ ಹುಯ್ಯುತ್ತಾಳೆ.

ಯಾವ ಸಂಘದವರು ಕರೆದರೂ ನಾನೇ ಬಂದು ಮಾತಾಡುತ್ತೇನೆ. ಹನ್ನೊಂದರ ಮೇಲೆ ಕರೆಯಿರಿ. ಫೋನ್ ಮಾಡಿದರೆ ನಾನು ಎತ್ತುವುದು ತಡವಾಗುತ್ತದೆ, ಎತ್ತಿದ ಮೇಲೆ ದನಿಯೂ ಸಣ್ಣದು. ಲೈನ್ ಕಟ್ ಆಯಿತು ಅಂತ ಇಟ್ಟುಬಿಡಬೇಡಿ, ನಾನು ಮಾತಾಡುತ್ತಲೇ ಇರುತ್ತೇನೆ.

ಇತಿ,
ನಿಮ್ಮಲ್ಲೊಬ್ಬ ಆಜೀವ ಸದಸ್ಯ
ಡೊಂಬಿವಲಿ